ಏಳನೇ ಅಧ್ಯಾಯದ ಕೆಂಪು ಬಾಣ

ಬಳ್ಳಾರಿ, ಕೌಲ್ ಬಜಾರ್
3 ಫೆಬ್ರವರಿ 2025, ಸೋಮವಾರ

ಗವಿಸಿದ್ದೇಶ್ ಅವರಿಗೆ,

ಫೋನು ಬಿಟ್ಟು ಪತ್ರ ಬರೆಯುತ್ತಿದ್ದಾಳೆಂದು ಆಶ್ಚರ್ಯಪಡಬೇಡಿ. ಫೋನಿನಲ್ಲಿ ಮೂರನೇ ನಿಮಿಷಕ್ಕೆ ನಮಗೆ ಜಗಳ ಹತ್ತುತ್ತದೆ, ನಾಲ್ಕನೇ ನಿಮಿಷಕ್ಕೆ ನೀವು ಸುಮ್ಮನಾಗುತ್ತೀರಿ. ನಿಮ್ಮ ನಂಬರನ್ನು ನಾಲ್ಕು ವರ್ಷದ ಹಿಂದೆಯೇ ಬ್ಲಾಕ್ ಮಾಡಿದ್ದೇನೆ. ಹಾಗಾಗಿ ಅಕ್ಕಿ ಗಿರಣಿಯ ವಿಳಾಸಕ್ಕೆ ಬರೆದಿದ್ದೇನೆ.

ವಿಷಯ ಇಷ್ಟು. ಮಾರ್ಚ್ 16, ಭಾನುವಾರ, ಕುರುಗೋಡಿನಲ್ಲಿ ನಮ್ಮಕ್ಕ ದೊಡ್ಡಬಸಮ್ಮನ ಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಇಬ್ಬರೂ ಒಪ್ಪಿ ಬೇರೆಯಾಗುತ್ತೇವೆಂದು ಅಂದು ಸಹಿ ಹಾಕಿದರೆ ಮುಂದಿನದನ್ನು ವಕೀಲರು ನೋಡಿಕೊಳ್ಳುತ್ತಾರಂತೆ. ಏಳು ವರ್ಷ ಕೂಡಿ ಇದ್ದವರು, ನಾಲ್ಕು ವರ್ಷ ಬೇರೆ ಇದ್ದೇವೆ. ಇನ್ನೂ ಎಷ್ಟು ದಿನ ಹೀಗೆ ಹರಿಯದೆ, ಕಡಿಯದೆ ಇಟ್ಟುಕೊಳ್ಳುವುದು ಎಂದು ಅಕ್ಕ ಕೇಳುತ್ತಾಳೆ.

ಹಂಚಿಕೊಳ್ಳಲು ನಮಗೆ ಮಕ್ಕಳಿಲ್ಲ. ಹೊಲ ಮನೆಯ ತಕರಾರೂ ಇಲ್ಲ. ಉಳಿದಿರುವುದು ಪುಸ್ತಕದ ಟ್ರಂಕು ಒಂದೇ. ಬರುವಾಗ ನಾನು ಸಿಟ್ಟಿನಲ್ಲಿ ಹೊತ್ತು ತಂದಿದ್ದೆ. ಇಪ್ಪತ್ತಮೂರು ಪುಸ್ತಕಗಳಿವೆ. ಸಿಟ್ಟು ಗೆಲ್ಲುವುದು ಹೇಗೆ, ಮನಸ್ಸು ಗೆಲ್ಲುವುದು ಹೇಗೆ, ದಾಂಪತ್ಯ ಗೆಲ್ಲುವುದು ಹೇಗೆ, ಎಲ್ಲವೂ ಗೆಲ್ಲುವ ಪುಸ್ತಕಗಳೇ. ಅವುಗಳಲ್ಲಿ ಹನ್ನೊಂದು ನಿಮ್ಮವು. ನಿಮಗೆ ಬೇಕೋ, ರದ್ದಿಗೆ ಹಾಕಲೋ ತಿಳಿಸಿ.

ಇಂತಿ,
ಶೀಲಾ


ಸಿರುಗುಪ್ಪ
9 ಫೆಬ್ರವರಿ 2025

ಶ್ರೀಮತಿ ಶೀಲಾ ಅವರಿಗೆ,

ಪತ್ರ ತಲುಪಿತು. 16ನೇ ತಾರೀಖು ಕುರುಗೋಡಿಗೆ ಬರುತ್ತೇನೆ. ಹಿರಿಯರು ಹೇಳಿದಂತೆ ಆಗಲಿ.

ಪುಸ್ತಕ ರದ್ದಿಗೆ ಹಾಕು. ಹಸಿರು ರಟ್ಟಿನದೊಂದು ಇಲ್ಲೇ ಉಳಿದಿದೆ. ಅದು ನನ್ನ ಪ್ರತಿ, ನಿನ್ನದು ಟ್ರಂಕಿನಲ್ಲಿರಬೇಕು. ನಿನ್ನನ್ನು ನೋಡಲು ಬಂದ ದಿನ ನಿಮ್ಮ ಮನೆಯ ಗೂಡಿನಲ್ಲಿ ಅದೇ ಹಸಿರು ಪುಸ್ತಕ ಕಂಡು, ಇದು ನನ್ನ ಹತ್ತಿರವೂ ಇದೆ ಎಂದು ನಾನು ಬಾಯಿ ಬಿಟ್ಟಿದ್ದೆ. ಅಂದು ನಾನು ಆಡಿದ್ದು ಅದೊಂದೇ ಮಾತು ಎಂದು ನೀನು ಆಮೇಲೆ ಎಷ್ಟೋ ಸಲ ನಕ್ಕಿದ್ದೀಯ.

ಬಸ್ಸಿನಲ್ಲಿ ಅರ್ಧ ಚೀಲ ಅಕ್ಕಿ ಕಳಿಸಿದ್ದೇನೆ. ಹೋದ ವರ್ಷದ ಸೋನಾ, ಒಂದು ವರ್ಷ ಕೂಡಿಟ್ಟ ಹಳೇ ಅಕ್ಕಿ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಹಾಕು. ಹೊಸದಕ್ಕೆ ಹಾಕಿದಂತೆ ಎರಡೇ ಹಾಕಿದರೆ ನಡುವೆ ಗಟ್ಟಿ ಉಳಿಯುತ್ತದೆ.

ಗವಿಸಿದ್ದೇಶ್


ಬಳ್ಳಾರಿ
16 ಫೆಬ್ರವರಿ 2025, ಭಾನುವಾರ

ಗವಿಸಿದ್ದೇಶ್ ಅವರಿಗೆ,

ಅಕ್ಕಿ ಬಂತು. ಅನ್ನಕ್ಕೆ ನೀರೆಷ್ಟು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ನಿಮ್ಮ ಮಾತು ಮೀರಿ ಎರಡೇ ಲೋಟ ಹಾಕಿದೆ. ನಡುವೆ ಗಟ್ಟಿ ಉಳಿಯಿತು. ಇದನ್ನು ಬರೆಯಬಾರದೆಂದುಕೊಂಡಿದ್ದೆ.

ಪುಸ್ತಕ ಇನ್ನೂ ರದ್ದಿಗೆ ಹೋಗಿಲ್ಲ. ಕಟ್ಟು ಕಟ್ಟಲು ಕೂತವಳು ಒಂದನ್ನು ತೆರೆದೆ. ಅದರಲ್ಲೊಂದು ಕೆಂಪು ಬಾಣ ಕಂಡಿತು. ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಜೀನ್ಸ್ ಯೂನಿಟ್ಟಿನಲ್ಲಿ ಹೊಲಿದ ಪ್ಯಾಂಟು ನನ್ನ ಟೇಬಲ್ಲಿಗೆ ಬರುತ್ತದೆ. ಹೊಲಿಗೆ ತಪ್ಪಿದಲ್ಲಿ, ದಾರ ಬಿಟ್ಟಲ್ಲಿ, ಬಣ್ಣ ಹೆಚ್ಚುಕಡಿಮೆಯಾದಲ್ಲಿ ಒಂದು ಸಣ್ಣ ಕೆಂಪು ಬಾಣದ ಸ್ಟಿಕರ್ ಅಂಟಿಸಿ ವಾಪಸು ಕಳಿಸುವುದು ನನ್ನ ಕಸುಬು. ಇಲ್ಲಿ ತಪ್ಪಿದೆ, ಸರಿಮಾಡಿ ಎಂದು ಅದರ ಅರ್ಥ. ಅದೇ ಸ್ಟಿಕರನ್ನು ಮನೆಗೂ ತಂದು ಪುಸ್ತಕಗಳಿಗೆ ಅಂಟಿಸುತ್ತಿದ್ದೆ, ನಿಮ್ಮ ಕಣ್ಣಿಗೆ ಬೀಳಲಿ ಎಂದೇ. 'ಕೆಲವು ಗಂಡಸರು ಜಗಳದ ನಡುವೆ ಮೌನದೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ' ಎಂಬ ಸಾಲಿಗೆ ಒಂದೇ ಪುಟದಲ್ಲಿ ಮೂರು ಬಾಣ.

ಇವತ್ತು ಕೂತು ಎಣಿಸಿದೆ. ಎಲ್ಲ ಪುಸ್ತಕ ಸೇರಿ ಅರವತ್ತೊಂದು ಬಾಣ. ಅರವತ್ತೊಂದೂ ನಿಮ್ಮ ಕಡೆಗೇ. ನನ್ನ ತಪ್ಪು ಹೇಳುವ ಸಾಲುಗಳೂ ಆ ಪುಸ್ತಕಗಳಲ್ಲಿ ಇದ್ದೇ ಇದ್ದವು. 'ಪ್ರೀತಿಸುವವರನ್ನು ತಿದ್ದುತ್ತಲೇ ಇರುವುದು ಒಂದು ಚಾಳಿ' ಎಂದು ದಪ್ಪ ಅಕ್ಷರದಲ್ಲಿದೆ. ಆ ಪುಟ ಹೊಸ ನೋಟಿನ ಹಾಗೆ ನುಣ್ಣಗಿದೆ, ಒಂದು ಗೆರೆಯೂ ಇಲ್ಲ.

ನಮ್ಮಪ್ಪ ಉಪ್ಪು ಹೆಚ್ಚು, ಖಾರ ಕಡಿಮೆ ಎನ್ನದೆ ಊಟದಿಂದ ಎದ್ದ ದಿನ ನನಗೆ ನೆನಪಿಲ್ಲ. ಅವ್ವ ಕಾಯಿಲೆ ಬಿದ್ದು ಅಕ್ಕ ಅಡಿಗೆ ಮಾಡತೊಡಗಿದ ಮೇಲೆ ಅಪ್ಪ ಏನೂ ಅನ್ನದೆ ಉಣ್ಣುತ್ತಿದ್ದ. ಆಗ ಅವ್ವ ಮಲಗಿದಲ್ಲಿಂದಲೇ, "ಯಾಕ್ರಿ, ಏನೂ ಅನವಲ್ರಿ, ಉಂಡೀರೋ ಇಲ್ಲೋ" ಎಂದು ಕೇಳುತ್ತಿದ್ದಳು. ತಪ್ಪು ಹುಡುಕಿದರೆ ಮಾತ್ರ ನಮ್ಮ ಮೇಲೆ ಕಣ್ಣಿದೆ ಎಂದು ನಾನು ಅಲ್ಲಿಂದಲೇ ಕಲಿತೆನೋ ಏನೋ. ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದು ಗೊತ್ತಿಲ್ಲ. ಭಾನುವಾರದ ಸಂಜೆ ಈ ಕೋಣೆಯಲ್ಲಿ ಹೊತ್ತು ಹೋಗುವುದಿಲ್ಲ.

ಶೀಲಾ


ಸಿರುಗುಪ್ಪ
23 ಫೆಬ್ರವರಿ 2025

ಶೀಲಾ,

ಅರವತ್ತೊಂದೇನಾ? ನಾನು ನೂರಕ್ಕೆ ಕಡಿಮೆ ಇಲ್ಲ ಎಂದುಕೊಂಡಿದ್ದೆ. ಪಾಸಾದ ಹಾಗೇ ಲೆಕ್ಕ.

ನೀನು ಅಷ್ಟು ಬರೆದ ಮೇಲೆ ನಾನು ಸುಮ್ಮನಿದ್ದರೆ ಅರವತ್ತೆರಡನೇ ಬಾಣ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವ್ವ ವೀರಭದ್ರಮ್ಮ ಒಮ್ಮೆ ಅಪ್ಪನ ಮೇಲೆ ಮುನಿಸಿಕೊಂಡು ದಸರಾದಿಂದ ಯುಗಾದಿಯವರೆಗೆ ಮಾತಾಡಿರಲಿಲ್ಲ. ಒಂದೇ ಮನೆ, ಒಂದೇ ಒಲೆ. "ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವು" ಎಂದು ನನ್ನ ಕೈಲಿ ಹೇಳಿ ಕಳಿಸುವಳು. "ನಿಮ್ಮವ್ವಗ ಹೇಳು, ಹಸಿವಿಲ್ಲ" ಎನ್ನುವನು ಅಪ್ಪ. ಆರು ತಿಂಗಳು ಹೀಗೆ ಅಡ್ಡಾಡಿದವನಿಗೆ ಒಂದು ಗೊತ್ತಾಯಿತು. ಬಾಯಿ ಬಿಟ್ಟರೆ ಯಾರಿಗಾದರೂ ನೋವಾಗುತ್ತದೆ, ಮುಚ್ಚಿಕೊಂಡಿದ್ದರೆ ಮನೆ ನಿಲ್ಲುತ್ತದೆ. ಈ ಲೆಕ್ಕ ತಪ್ಪೆಂದು ತಿಳಿಯಲು ನನಗೆ ನಲವತ್ತನಾಲ್ಕು ವರ್ಷವಾಯಿತು.

ಇನ್ನೊಂದು ಹೇಳಬೇಕು. ನಿನಗೆ ಸೂಪರ್‌ವೈಸರ್ ಕೆಲಸ ಕೊಟ್ಟಾಗ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಆಗುವುದಿಲ್ಲ, ಬಳ್ಳಾರಿಯಲ್ಲೇ ಒಂದು ಕೋಣೆ ಮಾಡಲೇನು ಎಂದು ನೀನು ಒಂಬತ್ತು ದಿನ ಕೇಳಿದೆ. ಒಂಬತ್ತು ದಿನವೂ ನಾನು "ನಿನ್ನಿಷ್ಟ" ಅಂದೆ. ಹತ್ತನೇ ದಿನ ನೀನು ಟ್ರಂಕು ಎತ್ತಿಕೊಂಡು ಹೋದೆ. ಆ 'ನಿನ್ನಿಷ್ಟ' ನನ್ನ ಮಾತಲ್ಲ. ಹಸಿರು ಪುಸ್ತಕದ ಐದನೇ ಅಧ್ಯಾಯದ್ದು. 'ಸಂಗಾತಿಯ ನಿರ್ಧಾರ ಸಂಗಾತಿಗೇ ಬಿಡಿ, ನಿಮ್ಮ ಆಸೆಯ ಭಾರ ಹೊರಿಸಬೇಡಿ' ಎಂದು ಇತ್ತಲ್ಲ, ಅದು. ನನ್ನ ಆಸೆ ಏನಿತ್ತೆಂದು ಈಗ ಹೇಳಿ ಏನು ಪ್ರಯೋಜನ. ಬರೆಯುವುದಿಲ್ಲ.

ಗಿರಣಿಯಲ್ಲಿ ಸುಗ್ಗಿಯ ಭತ್ತ ಇನ್ನೂ ಬರುತ್ತಲೇ ಇದೆ. ರಾರಾವಿ ಕಡೆಯ ಲೋಡು ಇವತ್ತು ಹಸಿ ಇತ್ತು. ಕಾಳು ಹಲ್ಲಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಚಪ್ಪಟೆಯಾಯಿತು. ಹರವಿ ಒಣಗಿಸಿದ್ದೇವೆ. ಶಿವರಾತ್ರಿಗೆ ಊರಲ್ಲೇ ಇರುತ್ತೇನೆ. ನೀನು ಉಪವಾಸ ಮಾಡಿ ಬಿಸಿಲಲ್ಲಿ ತಿರುಗಬೇಡ.

ಗವಿಸಿದ್ದೇಶ್


ಬಳ್ಳಾರಿ
1 ಮಾರ್ಚ್ 2025

ರೀ,

'ಗವಿಸಿದ್ದೇಶ್ ಅವರಿಗೆ' ಎಂದೇ ಮೊದಲು ಬರೆದೆ. ಸಿಟ್ಟು ಬಂದಿರುವಾಗ ಅಷ್ಟು ದೊಡ್ಡ ಹೆಸರು ಬರೆಯಲು ಆಗಲಿಲ್ಲ, ಹೊಡೆದು ಹಾಕಿದೆ.

ಹೌದು, ಸಿಟ್ಟು ಬಂದಿದೆ. ಒಂಬತ್ತು ದಿನ ನಾನು ನಿಮ್ಮನ್ನು ಕೇಳಿದರೆ, ಉತ್ತರ ಕೊಟ್ಟದ್ದು ಪುಸ್ತಕವೇ? "ಹೋಗಬ್ಯಾಡ" ಎಂದಿದ್ದರೆ ಜಗಳವಾಡಿ ಹೋಗುತ್ತಿದ್ದೆ, ಶನಿವಾರ ಸಂಜೆ ತಿರುಗಿ ಬರುತ್ತಿದ್ದೆ. "ಹೋಗು" ಎಂದಿದ್ದರೆ ಅತ್ತು ಹೋಗುತ್ತಿದ್ದೆ, ಆಗಲೂ ಶನಿವಾರ ಬರುತ್ತಿದ್ದೆ. 'ನಿನ್ನಿಷ್ಟ' ಎಂಬ ಮಾತಿಗೆ ತಿರುಗಿ ಬರುವ ದಾರಿ ಎಲ್ಲಿದೆ ಹೇಳಿ. ನಮ್ಮಿಬ್ಬರನ್ನೂ ಅಕ್ಕ ಪುಸ್ತಕದ ಬದನೆಕಾಯಿಗಳು ಎನ್ನುತ್ತಿದ್ದಳು. ನಾನು ಅವಳ ಜೊತೆ ಜಗಳಕ್ಕೆ ಹೋಗುತ್ತಿದ್ದೆ.

ಅದಿರಲಿ. ನಾಲ್ಕು ವರ್ಷದಿಂದ ಗಂಟಲಲ್ಲಿ ಕೂತಿರುವ ಪ್ರಶ್ನೆಯೊಂದಿದೆ. 16ನೇ ತಾರೀಖಿಗೆ ಮೊದಲು ಕೇಳಿಬಿಡುತ್ತೇನೆ. ಆಮೇಲೆ ಕೇಳುವ ಹಕ್ಕು ಇರುವುದಿಲ್ಲ.

ಮೊದಲ ಸಲ ಮುನಿಸಿಕೊಂಡು ನಾನು ಕುರುಗೋಡಿಗೆ ಹೋದಾಗ ಮರುದಿನ ಬೆಳಿಗ್ಗೆಯೇ ನಿಮ್ಮ ಬೈಕು ಅಕ್ಕನ ಅಂಗಳದಲ್ಲಿತ್ತು. ಎರಡನೇ ಸಲವೂ ಬಂದಿರಿ. ಮೂರನೇ ಸಲ ಯಾಕೆ ಬರಲಿಲ್ಲ? ಟ್ರಂಕು ಹೊತ್ತು ನಾನು ನೆಟ್ಟಗೆ ಬಳ್ಳಾರಿಗೆ ಬಂದೆ ಎಂದು ನೀವು ತಿಳಿದಿರಬಹುದು. ಇಲ್ಲ. ಮೊದಲು ಕುರುಗೋಡಿಗೇ ಹೋದೆ. ಐದು ದಿನ ಇದ್ದೆ. ಬಟ್ಟೆಯ ಚೀಲ ಬಿಚ್ಚಲೇ ಇಲ್ಲ, ನೀವು ಬಂದ ಕೂಡಲೇ ಎತ್ತಿಕೊಳ್ಳಲು ಸುಲಭವಾಗಲಿ ಎಂದು ಬಾಗಿಲ ಪಕ್ಕದಲ್ಲೇ ಇಟ್ಟಿದ್ದೆ. ಬೈಕಿನ ಸದ್ದು ಕೇಳಿದಾಗಲೆಲ್ಲ ಅಕ್ಕ ನನ್ನ ಮುಖ ನೋಡುವಳು, ನಾನು ಗೋಡೆ ನೋಡುವೆ. ಆರನೇ ದಿನ ಬಳ್ಳಾರಿಗೆ ಬಂದು ಕೋಣೆ ಹಿಡಿದೆ, ನಂಬರ್ ಬ್ಲಾಕ್ ಮಾಡಿದೆ. ನಂಬರ್ ಬ್ಲಾಕ್ ಮಾಡಿದ್ದೆ, ಬಾಗಿಲನ್ನಲ್ಲ.

ನನ್ನ ನೆನಪೇ ಬರಲಿಲ್ಲವೇ? ಇಷ್ಟಕ್ಕೆ ಉತ್ತರ ಬರೆಯಿರಿ ಸಾಕು. ಹೌದು ಅಥವಾ ಇಲ್ಲ.

ಶೀಲಾ


ಸಿರುಗುಪ್ಪ
9 ಮಾರ್ಚ್ 2025, ಭಾನುವಾರ

ಶೀಲಾ,

ಉತ್ತರಕ್ಕೆ ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಇದರ ಜೊತೆ ಒಂದು ಹಾಳೆ ಇದೆ. ಹಸಿರು ಪುಸ್ತಕದಿಂದ ಬ್ಲೇಡಿನಲ್ಲಿ ಕೊಯ್ದದ್ದು. ಏಳನೇ ಅಧ್ಯಾಯ, ನೂರ ಹನ್ನೆರಡನೇ ಪುಟ. ನೀನು ಹೋದ ಮರುದಿನ ಬೈಕು ತೆಗೆದೆ. ಕುರುಗೋಡಿನ ದಾರಿ ಹಿಡಿಯುವ ಮೊದಲು, ಈ ಸಲ ಏನು ಮಾತಾಡಬೇಕೆಂದು ತಿಳಿಯಲು ಪುಸ್ತಕ ತೆರೆದೆ. ಗಿರಣಿಯ ಕಾವಲುಗಾರ ಕೆಂಚಣ್ಣ, "ಎಲ್ಲಿಗಿ ಹೊಂಟೀರಿ ಅಣ್ಣಾರ, ಅಕ್ಕನ್ನ ಕರಕೊಂಡು ಬರಾಕೇನು?" ಎಂದು ಕೇಳುತ್ತಿದ್ದ. ಆಗ ಈ ಪುಟ ಕಂಡಿತು. ನನ್ನ ಪ್ರತಿಯಲ್ಲಿ ನಿನ್ನ ಬಾಣ ಇದ್ದದ್ದು ಇದೊಂದೇ ಸಾಲಿಗೆ: 'ಮುನಿಸಿಕೊಂಡು ಹೋದವರ ಬೆನ್ನು ಹತ್ತಬೇಡಿ. ಬರುವವರು ತಾವಾಗಿಯೇ ಬರುತ್ತಾರೆ.'

ನೀನೇ ಅಂಟಿಸಿದ್ದು. ಬೆನ್ನು ಹತ್ತುವುದು ನನ್ನ ತಪ್ಪು ಎಂದು ತೋರಿಸಲು ಅಂಟಿಸಿ ಹೋಗಿದ್ದೀಯ ಎಂದುಕೊಂಡೆ. ಯಾಕೆಂದರೆ ಎರಡನೇ ಸಲ ಬಂದಾಗ ಅಕ್ಕನ ಮುಂದೆಯೇ ನೀನು, "ಮತ್ತ ಬಂದೀರೇನು? ನಾಕು ದಿನ ಬಿಟ್ಟಿರಾಕ ಆಗಂಗಿಲ್ಲೇನು ನಿಮಗ? ಮಂದಿ ನಗ್ತಾರ" ಅಂದಿದ್ದೆ. ಬೈಕು ಒಳಗೆ ತಳ್ಳಿದೆ.

ಆ ಅರವತ್ತೊಂದು ಬಾಣಗಳಿಗೆ ನಾನು ಸರಿಯಾಗಿ ನಡೆದುಕೊಂಡಿಲ್ಲ. ಇದೊಂದಕ್ಕೆ ಮಾತ್ರ ನಾಲ್ಕು ವರ್ಷ ಪಕ್ಕಾ ನಡೆದುಕೊಂಡೆ. ಎಷ್ಟು ಕಷ್ಟವಾಯಿತೆಂದು ಕೇಳಬೇಡ.

ನೆನಪು ಬರಲಿಲ್ಲವೇ ಎಂದೆ. ಬಂತು. ಪ್ರತಿ ಸುಗ್ಗಿಯಲ್ಲೂ ಒಂದು ಚೀಲ ನಿನಗೆಂದು ಬೇರೆ ಎತ್ತಿಟ್ಟಿದ್ದೇನೆ. ನಿನಗೆ ಹೊಸ ಅಕ್ಕಿಯ ಅನ್ನ ಸೇರುವುದಿಲ್ಲ ಎಂದು. ಮೂರು ವರ್ಷದ ಚೀಲಗಳನ್ನು ಹುಳ ಬೀಳುವ ಮೊದಲು ಬೇರೆಯವರಿಗೆ ಕೊಟ್ಟೆ. ನಾಲ್ಕನೆಯದರಲ್ಲಿ ಅರ್ಧ ಮೊನ್ನೆ ಕಳಿಸಿದೆ.

ಹೌದು.

ಗವಿಸಿದ್ದೇಶ್


ಬಳ್ಳಾರಿ
14 ಮಾರ್ಚ್ 2025, ಶುಕ್ರವಾರ

ರೀ,

ನಿಮ್ಮ ಪತ್ರ ನಿನ್ನೆ ಬಂತು. ಊಟದ ಬಿಡುವಿನಲ್ಲಿ ಯೂನಿಟ್ಟಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಟಪಾಲಿಗೆ ಹಾಕಿದರೆ ಸೋಮವಾರ ಸೇರುತ್ತದೆ, ಭಾನುವಾರ ಎಲ್ಲ ಮುಗಿದಿರುತ್ತದೆ.

ಆ ಬಾಣ ನಾನೇ ಅಂಟಿಸಿದ್ದು. ಆದರೆ ಹೋಗುವ ದಿನ ಅಲ್ಲ, ಅದಕ್ಕೂ ಎರಡು ವರ್ಷ ಮೊದಲು. ಎರಡನೇ ಸಲ ನೀವು ಬಂದು ಕರೆದುಕೊಂಡು ಹೋದಿರಲ್ಲ, ಆ ವಾರ. ಬಾಯಲ್ಲಿ ಮಂದಿ ನಗ್ತಾರ ಅಂದೆ. ಬೈಕಿನ ಹಿಂದೆ ಕೂತು ಸಿರುಗುಪ್ಪದವರೆಗೂ ನಿಮ್ಮ ಬೆನ್ನಿಗೆ ಹಣೆ ಹಚ್ಚಿಕೊಂಡು ಬಂದಿದ್ದೆ, ನಿಮಗೆ ನೆನಪಿರಬೇಕು. ಮನೆಗೆ ಬಂದು ಆ ಪುಸ್ತಕ ಓದಿದರೆ, ಬೆನ್ನು ಹತ್ತಬೇಡಿ ಎಂದಿದೆ. ಇದು ತಪ್ಪು ಅನ್ನಿಸಿತು. ಬರೆದವರಿಗೆ ಏನೂ ಗೊತ್ತಿಲ್ಲ ಅನ್ನಿಸಿತು. ತಪ್ಪು ಇದ್ದಲ್ಲಿ ಬಾಣ ಅಂಟಿಸುವುದು ನನ್ನ ಕಸುಬು. ಅಂಟಿಸಿದೆ, ಅದೂ ನಿಮ್ಮ ಪ್ರತಿಗೆ. ಬರುವುದನ್ನು ಬಿಡಬೇಡಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿತ್ತು. ಏಳು ವರ್ಷದಲ್ಲಿ ನಿಮ್ಮ ತಪ್ಪಿಗಲ್ಲದೆ ಪುಸ್ತಕದ ತಪ್ಪಿಗೆ ನಾನು ಅಂಟಿಸಿದ್ದು ಅದೊಂದೇ ಬಾಣ.

ನಿನ್ನೆ ನನ್ನ ಪ್ರತಿಯಲ್ಲಿ ಅದೇ ಏಳನೇ ಅಧ್ಯಾಯ ತೆಗೆದೆ. ಎಡಗಡೆ ನೂರ ಹನ್ನೆರಡು, ಅದು ನಿಮಗೆ. ಬಲಗಡೆ ನೂರ ಹದಿಮೂರು. ಅಲ್ಲಿ ಏನಿದೆ ಗೊತ್ತೇ? 'ಮನೆ ಬಿಟ್ಟು ಬಂದವರು ತಾವಾಗಿ ಮರಳಬೇಡಿ. ನೀವು ಬೇಕಾದವರು ಹುಡುಕಿಕೊಂಡು ಬರುತ್ತಾರೆ.' ಅದನ್ನು ನಾನು ಪಾಲಿಸಿದೆ. ಒಂದೇ ಪುಸ್ತಕದ ಎರಡು ಪುಟ ಓದಿ ನಾವಿಬ್ಬರೂ ನಾಲ್ಕು ವರ್ಷ ಕಾದಿದ್ದೇವೆ. ಇದನ್ನು ಅಕ್ಕನಿಗೆ ಹೇಳಿದರೆ ನಗುವಳೋ ಹೊಡೆಯುವಳೋ.

ನಂಬರ್ ಬ್ಲಾಕ್ ತೆಗೆದಿದ್ದೇನೆ. ಆದರೆ ಫೋನು ಮಾಡುವುದಿಲ್ಲ. ಮೂರನೇ ನಿಮಿಷಕ್ಕೆ ಏನಾಗುತ್ತದೆಂಬ ಹೆದರಿಕೆ ಇದೆ. ನಾಳೆ ರಜೆ ಹಾಕಿದ್ದೇನೆ. ಈ ಪತ್ರವನ್ನು ಕೈಯಾರೆ ತಂದು ಕೊಡುತ್ತೇನೆ.

ಶೀಲಾ


(ಕೌಲ್ ಬಜಾರಿನ ಮನೆಯ ಬಾಗಿಲ ಸಂದಿಯಲ್ಲಿ)

15 ಮಾರ್ಚ್ 2025, ಶನಿವಾರ, ಬೆಳಿಗ್ಗೆ ಹನ್ನೊಂದು

ಶೀಲಾ,

ಆರು ದಿನ ನಿನ್ನ ಉತ್ತರ ಕಾದೆ, ಬರಲಿಲ್ಲ. ಬೆನ್ನು ಹತ್ತುವುದು ತಪ್ಪಾದರೆ ತಪ್ಪು. ಇನ್ನೊಂದು ಬಾಣ ಅಂಟಿಸು, ಅಂಟಿಸಿಕೊಳ್ಳುತ್ತೇನೆ. ನಾಳೆ ಹಿರಿಯರ ಮುಂದೆ ಬಾಯಿ ಬರುವುದಿಲ್ಲ, ಅದಕ್ಕೇ ಇವತ್ತು ಬಂದೆ. ಹೇಳಬೇಕಾದ್ದು ಒಂದೇ ಮಾತು. ನೀನು ಹೋಗುವುದು ನನಗೆ ಇಷ್ಟ ಇರಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಬಾಗಿಲಿಗೆ ಬೀಗ ಇದೆ. ಪಕ್ಕದ ಮನೆಯ ರೇಣುಕಾ, "ಅಕ್ಕ ಮುಂಜಾನೆನೇ ಸಿರುಗುಪ್ಪ ಬಸ್ ಹತ್ತಿದ್ರಲ್ಲ, ನೀವು ಯಾರು?" ಎಂದರು. ಅವರ ಯಜಮಾನ್ರು ಎಂದೆ. ಅವರು ಕುಡಿಯಲು ನೀರು ಕೊಟ್ಟರು.

ತೆಕ್ಕಲಕೋಟೆಯ ಹತ್ತಿರ ನಮ್ಮ ಬಸ್ಸುಗಳು ಎದುರುಬದುರು ಹಾದಿರಬೇಕು. ಫೋನು ಕೈಯಲ್ಲೇ ಇದೆ. ನಾಲ್ಕು ವರ್ಷ ಕೇಳಿದ, ನಂಬರ್ ಬ್ಯುಸಿ ಇದೆ ಎನ್ನುವ ಆ ರೆಕಾರ್ಡಿನ ದನಿಯನ್ನು ಇವತ್ತು ಇನ್ನೊಮ್ಮೆ ಕೇಳಲಾರೆ, ಹಚ್ಚುವುದಿಲ್ಲ. ಹನ್ನೊಂದೂವರೆ ಬಸ್ಸಿಗೆ ತಿರುಗಿ ಹೊರಟೆ. ಅಷ್ಟರಲ್ಲಿ ನೀನು ಅಲ್ಲಿಂದ ಹೊರಟು ಬಂದು ಈ ಚೀಟಿ ಓದುತ್ತಿದ್ದರೆ, ಮತ್ತೆ ಬಸ್ಸು ಹತ್ತಬೇಡ. ಇಲ್ಲೇ ಕೂತಿರು. ನಾನೇ ಇನ್ನೊಮ್ಮೆ ಬರುತ್ತೇನೆ. ಎಷ್ಟು ಸಲವಾದರೂ ಬರುತ್ತೇನೆ.

ಗವಿಸಿದ್ದೇಶ್


(ಹಸಿರು ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ)

ಸಿರುಗುಪ್ಪ
15 ಮಾರ್ಚ್ 2025, ಮಧ್ಯಾಹ್ನ

ರೀ,

ಹತ್ತು ಗಂಟೆಗೆ ಬಂದೆ. ಬೀಗ ನೋಡಿ ಗಿರಣಿಗೆ ಹೋದರೆ ಕೆಂಚಣ್ಣ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯ ಶಿವನ, ಅಣ್ಣ ಈಗ ನಿಮ್ಮ ಕಡಿಗೇ ಹೋದ್ರಲ್ಲಬೇ. ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ಯಾರ" ಎಂದ. ಬಳ್ಳಾರಿ ಬಸ್ಸು ಹತ್ತಲು ಓಡಿದೆ. ಬಸ್ ಸ್ಟ್ಯಾಂಡಿನ ಅರ್ಧ ದಾರಿಗೆ ಹೋಗಿ ನಿಂತೆ. ನಾನು ಅಲ್ಲಿಗೆ ಹೋದರೆ ನೀವು ಇಲ್ಲಿಗೆ ಬಂದಿರುತ್ತೀರಿ. ನಮ್ಮ ಹಣೆಬರಹ ನನಗೆ ಗೊತ್ತಿಲ್ಲವೇ.

ತಿರುಗಿ ಬಂದು, ಸುಮ್ಮನೆ, ಬಾಗಿಲ ಬಲಗಡೆಯ ಗೂಡಿನಲ್ಲಿ ವಿಭೂತಿಯ ಡಬ್ಬಿಯ ಹಿಂದೆ ಕೈ ಹಾಕಿದೆ. ಬೀಗದ ಕೈ ಅಲ್ಲೇ ಇತ್ತು. ನಾನು ಬಸ್ಸಿಳಿದು ಬರುವಾಗ ನೀವು ಗಿರಣಿಯಲ್ಲಿದ್ದರೆ ಇರಲಿ ಎಂದು ಮದುವೆಯಾದ ವರ್ಷ ಅಲ್ಲಿಟ್ಟ ಕೈ. ಒಬ್ಬರೇ ಇರುವ ಮನೆಗೆ ಎರಡನೇ ಕೈ ಯಾಕೆ ಬೇಕಿತ್ತು ನಿಮಗೆ? ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಕೂತು ಅತ್ತೆ. ಆಮೇಲೆ ಒಳಗೆ ಬಂದೆ.

ಮನೆಯಲ್ಲಿ ತಪ್ಪುಗಳು ಬಹಳ ಇವೆ. ಕ್ಯಾಲೆಂಡರ್ ಜನವರಿಯಲ್ಲೇ ನಿಂತಿದೆ, ಹಾಲಿನ ಪಾತ್ರೆಗೆ ಮುಚ್ಚಳ ಇಲ್ಲ, ಕಿಟಕಿಯ ಪರದೆ ತಲೆಕೆಳಗಾಗಿದೆ. ಚೀಲದಲ್ಲಿ ಸ್ಟಿಕರಿನ ಹಾಳೆಯೂ ಇದೆ. ತೆಗೆದಿಲ್ಲ.

ಅಕ್ಕನಿಗೆ ಫೋನು ಮಾಡಿ, ನಾಳೆ ಹಿರಿಯರು ಕೂಡುವುದು ಬೇಡ, ಬಂದವರಿಗೆ ಊಟ ಹಾಕಿ ಕಳಿಸು ಎಂದೆ. "ಯಾಕಲೇ?" ಎಂದಳು. ಅಡಿಗೆ ಮಾಡಾಕತ್ತೀನಿ ಎಂದೆ. ಎಲ್ಲಿ ಎಂದು ಅವಳು ಕೇಳಲಿಲ್ಲ.

ಸಾರು ಆಗಿದೆ. ಅಡಿಗೆ ಮನೆಯಲ್ಲಿ ಅಕ್ಕಿಯ ಡಬ್ಬಿ ಎರಡಿವೆ. ಒಂದರಲ್ಲಿ ಹಳೆಯದು, ಒಂದರಲ್ಲಿ ಹೊಸದು ಇರಬೇಕು. ಅಂಗೈಯಲ್ಲಿ ಹಾಕಿಕೊಂಡು ನೋಡಿದೆ, ಕಚ್ಚಿ ನೋಡಿದೆ, ತಿಳಿಯಲಿಲ್ಲ. ಅದು ನಿಮ್ಮ ಕಸುಬು. ಒಂದು ಡಬ್ಬಿಯಿಂದ ಎರಡು ಲೋಟ ತೆಗೆದು ತೊಳೆದು ಪಾತ್ರೆಯಲ್ಲಿ ಹಾಕಿ ಒಲೆಯ ಪಕ್ಕ ಇಟ್ಟಿದ್ದೇನೆ. ಒಂದೂವರೆಯಾಯಿತು, ಈಗಷ್ಟೇ ಗೇಟಿನ ಸದ್ದಾಯಿತು. ಪೆನ್ನು ಇಡುವ ಮೊದಲು ಒಂದು ಮಾತು ಬರೆಯುತ್ತೇನೆ, ಎದುರಿಗೆ ಹೇಳಲು ಆಗದಿದ್ದರೆ ಈ ಹಾಳೆ ತೋರಿಸುತ್ತೇನೆ.

ಅಕ್ಕಿಗೆ ನೀರು ಇನ್ನೂ ಹಾಕಿಲ್ಲ. ಎಷ್ಟು ಹಾಕಬೇಕೆಂದು ನೀವು ಹೇಳಬೇಕು. ನಿನ್ನಿಷ್ಟ ಅನ್ನಬೇಡಿ.